ಪಿಸಕ್ಕನ ಸೆಂಟು

ನನ್ನ ಮೂಗಿನ ವಿಷಯ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನಂಬಲಿಲ್ಲ ಅನ್ನಬೇಡಿ. ಎದುರು ಮನೆಯ ಮೂರನೇ ಮಹಡಿಯಲ್ಲಿ ಹಾಲು ಉಕ್ಕುವುದಕ್ಕೆ ಐದು ನಿಮಿಷ ಮುಂಚೆ ನನಗೆ ಗೊತ್ತಾಗುತ್ತದೆ. ಗಂಡ ಹೆಂಡತಿ ಕೈ ಕೈ ಹಿಡಿದು ನಗುತ್ತಾ ಅಂಗಡಿಗೆ ಬಂದರೂ, ಮೆಟ್ಟಿಲ ಬುಡದಲ್ಲಿ ಯಾರು ಯಾರಿಗೆ ಬೈದು ಬಂದರು ಅಂತ ಮೂಗೇ ಹೇಳುತ್ತದೆ. ಒಮ್ಮೆ ನೆಗಡಿಯಾಗಿ ನಾಲ್ಕು ದಿನ ಮಲಗಿದ್ದೆ. ಆ ನಾಲ್ಕು ದಿನ ಇಡೀ ಬೀದಿಯಲ್ಲಿ ಯಾರ ಮನೆಯ ಅಡುಗೆಯೂ ಘಮ್ಮೆನ್ನಲಿಲ್ಲವಂತೆ. ಇಂಥ ಮೂಗನ್ನು ಹೊತ್ತುಕೊಂಡು ನಾನು ಏಳು ವರ್ಷ ಸೀಸೆ ತೊಳೆದೆ.

ಅಂಗಡಿ ನನ್ನ ಸೋದರತ್ತೆಯದು. ಹೆಂಗಸರಿಗೆ ಅವರವರ ಸ್ವಭಾವಕ್ಕೆ ತಕ್ಕ ಸೆಂಟು ಕಲಸಿಕೊಡುವ ಅಂಗಡಿ. ಒಬ್ಬಳಿಗೆ ಮಾಡಿದ್ದನ್ನು ಇನ್ನೊಬ್ಬಳಿಗೆ ಕೊಡುವ ಮಾತೇ ಇಲ್ಲ. ಕಡಿದಾದ ಹದಿನೇಳು ಮೆಟ್ಟಿಲು ಹತ್ತಿದರೆ ಒಂದೇ ಕೋಣೆ, ಒಂದು ಕಿಟಕಿ, ಒಂದು ಕಲ್ಲಿನ ಮೇಜು. ಗೋಡೆಗೆ ಎರಡು ಕಪಾಟು. ಕೆಳಗಿನದಕ್ಕೆ ಬಾಗಿಲಿಲ್ಲ, ಅದರಲ್ಲಿ ಲವಂಗ, ಲಾವಂಚ, ಮೆಣಸು, ಕಿತ್ತಳೆ ಸಿಪ್ಪೆ ಇಂಥ ಸಾಮಾನ್ಯ ಎಣ್ಣೆಗಳು. ಮೇಲಿನದಕ್ಕೆ ಹಿತ್ತಾಳೆ ಬೀಗ. ಆ ಬೀಗದಕೈ ಅತ್ತೆಯ ಕತ್ತಿನ ದಾರದಲ್ಲಿ. ಆ ಕಪಾಟು ತೆರೆಯುವ ಹಕ್ಕು ಇದ್ದವರು ಮಾತ್ರ ಸೆಂಟು ಕಲಸುವವರು. ಉಳಿದವರೆಲ್ಲ ಸೀಸೆ ತೊಳೆಯುವವರು. ಉಳಿದವರು ಅಂದರೆ ನಾನೊಬ್ಬಳೇ.

ಮೆಟ್ಟಿಲ ಬುಡದಲ್ಲಿ ಬೀಗದ ಮಾವ ಕೂರುತ್ತಾನೆ. ಬೀಗ ರಿಪೇರಿ, ಬೀಗದಕೈ ಮಾಡುವುದು ಅವನ ಕಸುಬು. ಮೆಟ್ಟಿಲಿಗೆ ಬೆನ್ನು ಹಾಕಿ ಅರ ಉಜ್ಜುತ್ತಿರುತ್ತಾನೆ, ಯಾರು ಹತ್ತಿದರೂ ತಿರುಗಿ ನೋಡುವುದಿಲ್ಲ. ನಾನು ಎಷ್ಟೇ ಬೆಕ್ಕಿನ ಹೆಜ್ಜೆ ಇಟ್ಟರೂ "ಏನು ಬಾಯಿಬಡುಕಿ, ಇವತ್ತೂ ಲೇಟಾ?" ಅನ್ನುತ್ತಾನೆ.

"ಮಾವ, ನಿನ್ನ ಬೆನ್ನಲ್ಲಿ ಕಣ್ಣಿದೆಯಾ?"

"ಕಣ್ಣು ಯಾಕೆ? ಏಳು ವರ್ಷ ನಿಮ್ಮ ಸೆಂಟಿನ ಕೆಳಗೆ ಕೂತಿದೀನಿ. ನಿಮ್ಮಂಗಡಿ ಘಮ ಬಸ್ ಸ್ಟಾಪಿನವರೆಗೂ ಬರುತ್ತೆ."

ಇದೊಂದು ಮಾತ್ರ ನನಗೆ ಅರ್ಥವಾಗುತ್ತಿರಲಿಲ್ಲ. ಇಷ್ಟು ದೊಡ್ಡ ಮೂಗಿನವಳು ನಾನು, ನನಗೆ ಅಂಗಡಿಯಲ್ಲಿ ಏನೂ ವಾಸನೆಯೇ ಬರುತ್ತಿರಲಿಲ್ಲ. ಸೇರಿದ ಹೊಸದರಲ್ಲಿ ತಲೆ ತಿರುಗಿ ಕಿಟಕಿಗೆ ಓಡಿದ್ದೆ. ಒಂದು ತಿಂಗಳಾಗುವಷ್ಟರಲ್ಲಿ ಆ ಘಮವೇ ಮಾಯ. ಮಾವ ಸುಳ್ಳು ಹೇಳುತ್ತಾನೆ ಅಂದುಕೊಂಡಿದ್ದೆ.

ಈಗ ಕಥೆಗೆ ಬರುತ್ತೇನೆ.

ಒಂದು ಗುರುವಾರ ಬೆಳಗ್ಗೆ ಕಪ್ಪು ಬಟ್ಟೆಯ ಹೆಂಗಸೊಬ್ಬಳು ಬಂದು ಬಾಗಿಲಲ್ಲಿ ನಿಂತಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ನಾನಂತೂ ಎರಡು ಸೀಸೆ ತೊಳೆದ ಮೇಲೆ ನೋಡಿದೆ. ಏನೋ ಹೇಳಿದಳು. ಕೇಳಲಿಲ್ಲ. ಅತ್ತೆ ಹತ್ತಿರ ಹೋದರು, ನಾನೂ ಹೋದೆ, ಕೊನೆಗೆ ಇಬ್ಬರೂ ಅವಳ ಬಾಯಿಗೆ ಕಿವಿ ಕೊಟ್ಟು ನಿಂತೆವು.

ನಾಟಕದ ಕಂಪನಿಯವಳು. ವೇದಿಕೆಯ ಮುಂಭಾಗದಲ್ಲಿ ಒಂದು ಮರದ ಗೂಡು ಇರುತ್ತದಲ್ಲ, ನೋಡುವವರಿಗೆ ಕಾಣದ ಹಾಗೆ, ಅದರೊಳಗೆ ಕೂತು ನಟರು ಮರೆತ ಮಾತನ್ನು ಪಿಸುಗುಟ್ಟುವುದು ಅವಳ ಕೆಲಸ. ಇಪ್ಪತ್ತೆರಡು ವರ್ಷದಿಂದ. ಕಂಪನಿಯಲ್ಲಿ ಎಲ್ಲರೂ ಅವಳನ್ನು ಪಿಸಕ್ಕ ಅನ್ನುತ್ತಾರೆ. ರಾಣಿಯ ಪಾತ್ರದವಳಿಗೆ ಗಂಟಲು ಕೂತು ಧ್ವನಿಯೇ ಹೊರಡದಂತಾಗಿತ್ತು. ಒಂಬತ್ತು ದಿನಕ್ಕೆ, ಅಂದರೆ ಮುಂದಿನ ಶನಿವಾರ ಸಂಜೆ ಆರಕ್ಕೆ, ಹೊಸ ನಾಟಕದ ಮೊದಲ ಆಟ. ರಾಣಿಯ ಮಾತೆಲ್ಲ ಬಾಯಿಪಾಠ ಇದ್ದವಳು ಕಂಪನಿಯಲ್ಲಿ ಇವಳೊಬ್ಬಳೇ. ಗೂಡಿನಿಂದ ಎಬ್ಬಿಸಿ ವೇದಿಕೆಗೆ ಹತ್ತಿಸಿದ್ದರು.

"ಮಾತೆಲ್ಲ ಬರುತ್ತೆ ಕಣಮ್ಮ," ಅಂದಳು ಪಿಸಕ್ಕ. "ಧ್ವನಿ ಬರಲ್ಲ. ಮೂರನೇ ಸಾಲಿಗೇ ಕೇಳಿಸಲ್ಲ ಅಂತಾರೆ. ಇಷ್ಟು ವರ್ಷ ಯಾರಿಗೂ ಕಾಣಬಾರದು, ಕೇಳಬಾರದು ಅಂತಲೇ ಕೂತೆ. ಸೆಂಟು ಹಚ್ಚೋ ಹಾಗೂ ಇರಲಿಲ್ಲ. ಗೂಡಿನಿಂದ ವಾಸನೆ ಬಂದ್ರೆ ನಟರ ಗಮನ ಹಾಳು. ಈಗ ಒಂದೇ ಒಂದು ಸಲ, ನಾನು ಇಲ್ಲಿದೀನಿ ಅಂತ ನನಗಾದ್ರೂ ಅನ್ನಿಸಬೇಕು."

ಅತ್ತೆ ನನ್ನ ಕಡೆ ತಿರುಗಿದರು. ನನ್ನ ಅತ್ತೆ ದಿನಕ್ಕೆ ಹನ್ನೊಂದು ಮಾತು ಆಡುತ್ತಾರೆ, ಎಣಿಸಿದ್ದೇನೆ. ಅವತ್ತು ಒಂದು ವಾರದ ಪಾಲನ್ನು ಒಟ್ಟಿಗೆ ಆಡಿದರು.

"ಇವರ ಸೆಂಟು ನೀನು ಮಾಡು. ನಾನು ಮೂಸಲ್ಲ, ಮುಟ್ಟಲ್ಲ. ಕೆಳಗಿನ ಕಪಾಟಿನ ಎಣ್ಣೆ ಮಾತ್ರ. ಹಚ್ಚಿಕೊಂಡ ತಕ್ಷಣ, ಯಾರೂ ಕೇಳದೆ, 'ಇದು ನಾನೇ' ಅನ್ನಬೇಕು. ಅಂದ್ರೆ ಬೀಗದಕೈ ನಿನ್ನದು. ಇಲ್ಲಾಂದ್ರೆ ಸೀಸೆ ಇದ್ದೇ ಇದೆ."

ನನ್ನ ಎದೆ ಹೊಡೆದುಕೊಂಡ ಸದ್ದಿಗೆ ಕಲ್ಲಿನ ಮೇಜಿನ ಮೇಲಿನ ಸೀಸೆಗಳು ಗಲಗಲ ಅಂದವು. ಬೇಕಾದರೆ ಬೀಗದ ಮಾವನನ್ನು ಕೇಳಿ, ಕೆಳಗೆ ಅವನಿಗೂ ಕೇಳಿಸಿತ್ತು.

ನಮ್ಮ ಪದ್ಧತಿ ಹೀಗೆ: ಸೋಪಿಲ್ಲದೆ ಬರೀ ನೀರಲ್ಲಿ ಕುದಿಸಿ ಒಣಗಿಸಿದ ಬಿಳಿ ಹತ್ತಿ ಬಟ್ಟೆ ಕೊಡುತ್ತೇವೆ. ಅದನ್ನು ಮೂರು ದಿನ ಕತ್ತಿಗೆ ಸುತ್ತಿಕೊಂಡು, ಗಾಜಿನ ಭರಣಿಯಲ್ಲಿ ಹಾಕಿ ಮುಚ್ಚಿ ತಂದುಕೊಡಬೇಕು. ಆ ಮೂರು ದಿನದ ಮೈವಾಸನೆಯೇ ನಮಗೆ ಆ ಹೆಂಗಸಿನ ಜಾತಕ. ಅದಕ್ಕೆ ಒಪ್ಪುವ ಎಣ್ಣೆಗಳನ್ನು ಕೂಡಿಸುತ್ತಾ ಹೋಗುವುದು. ಪಿಸಕ್ಕ ಬಟ್ಟೆ ತೆಗೆದುಕೊಂಡು ಹೋಗಿ ಭಾನುವಾರ ಭರಣಿ ತಂದಿಟ್ಟಳು. ಅವಳು ಮೆಟ್ಟಿಲು ಇಳಿಯುವುದನ್ನೇ ಕಾದು ಮುಚ್ಚಳ ತೆಗೆದೆ.

ಅಬ್ಬಾ. ಎರಡು ಹೆಜ್ಜೆ ಹಿಂದಕ್ಕೆ ಹೋದೆ ಅಂದರೆ ಕಡಿಮೆ ಹೇಳಿದ ಹಾಗೆ. ಹಿಂದಿನ ಗೋಡೆ ಇಲ್ಲದಿದ್ದರೆ ಪಕ್ಕದ ಬೀದಿಯಲ್ಲಿ ಬಿದ್ದಿರುತ್ತಿದ್ದೆ. ಹೊಗೆಸೊಪ್ಪು, ಕಾದ ಚರ್ಮ, ಮೆಣಸು, ಹಸಿ ಈರುಳ್ಳಿ, ಅದರ ಮೇಲೊಂದು ಗಡ್ಡ ಕೆರೆಯುವ ಸೋಪಿನ ಘಾಟು.

"ಅತ್ತೆ, ಈಕೆ ಹೆಂಗಸಲ್ಲ, ಫಿರಂಗಿ," ಅಂದೆ. "ಮೇಲೆ ಪಿಸುಪಿಸು, ಒಳಗೆ ಗುಡುಗು. ಈಕೆಗೆ ಮೂಗಿನ ತುದಿಯಲ್ಲೇ ಕೋಪ. ಒಂದು ಸಲ ಕೂಗಿದರೆ ಬಂದರಿನ ಹಡಗು ಹಿಂದಕ್ಕೆ ತಿರುಗುತ್ತೆ."

ಅತ್ತೆ ಸೂಜಿಗೆ ದಾರ ಪೋಣಿಸುತ್ತಿದ್ದರು. "ಅವಳನ್ನ ನೋಡಿದೀಯಲ್ಲ?"

"ನೋಡಿದ್ದು ಸುಳ್ಳು ಹೇಳಬಹುದು ಅತ್ತೆ. ನನ್ನ ಮೂಗು ಹೇಳಲ್ಲ."

"ಸೋಪು?"

"ಗಂಡನ ಸೋಪಲ್ಲಿ ಮುಖ ತೊಳೀತಾಳೆ. ಧೈರ್ಯ ನೋಡಿ."

ಪಿಸಕ್ಕನಿಗೆ ಗಂಡ ಇದ್ದಾನೋ ಇಲ್ಲವೋ ಕೇಳುವ ವ್ಯವಧಾನ ಯಾರಿಗಿತ್ತು? ಐದು ದಿನ ನಾನು ಊಟ ಮಾಡಲಿಲ್ಲ (ತಿಂಡಿ ಮಾಡಿದೆ, ಅದು ಬೇರೆ). ಹೊಗೆಗೆ ಕರಟಿದ ಮರದ ಎಣ್ಣೆ, ಗುಡುಗಿಗೆ ಕರಿಮೆಣಸು, ಕೋಪಕ್ಕೆ ಲವಂಗ. ಶುಕ್ರವಾರ ಮಧ್ಯಾಹ್ನ ಸೀಸೆ ಮುಚ್ಚಿದಾಗ ಅದರೊಳಗಿನ ಹೆಂಗಸು ನನಗೇ ಹೆದರಿಕೆ ಹುಟ್ಟಿಸುತ್ತಿದ್ದಳು. ನಾನು ಬೀಗದ ಮಾವನಿಗೆ ಆಗಲೇ ಹೇಳಿಟ್ಟೆ: "ಬೀಗದಕೈಗೆ ಒಂದು ಚಂದದ ಉಂಗುರ ಮಾಡಿಡು."

"ಮೊದಲು ಕೈಗೆ ಬರಲಿ," ಅಂದ.

ಶನಿವಾರ ಮಧ್ಯಾಹ್ನ ಎರಡಕ್ಕೆ ನಾಟಕದ ಮನೆಗೆ ಹೋದೆ. ವೇಷ ಹಾಕಿಕೊಂಡು ಕೊನೆಯ ತಾಲೀಮು ನಡೆಯುವ ಹೊತ್ತು. ಬಣ್ಣದ ಕೋಣೆಯಲ್ಲಿ ಪಿಸಕ್ಕ ರಾಣಿಯ ಉಡುಪಿನಲ್ಲಿ, ಯಾರದೋ ಬಟ್ಟೆಗೆ ತಪ್ಪಿ ಬಂದ ಕಡ್ಡಿಯ ಹಾಗೆ ನಿಂತಿದ್ದಳು. ನಾನೇ ಅವಳ ಕತ್ತಿಗೆ, ಮಣಿಕಟ್ಟಿಗೆ ಹಚ್ಚಿದೆ. ಹಚ್ಚಿ ಬಾಯಿ ನೋಡುತ್ತಾ ನಿಂತೆ.

ಪಿಸಕ್ಕ ಕೆಮ್ಮಿದಳು. ಹಿಂದೆ ತಿರುಗಿ ನೋಡಿದಳು. ಮತ್ತೆ ನೋಡಿದಳು.

"ಯಾಕಕ್ಕ?"

"ಯಾರೋ ನನ್ನ ಬೆನ್ನಿಗೆ ಬಂದು ನಿಂತ ಹಾಗಿದೆ ಕಣಮ್ಮ," ಅಂದಳು. ಅದುವರೆಗೆ ಇದ್ದ ಅಷ್ಟಿಷ್ಟು ಧ್ವನಿಯೂ ಇಂಗಿಹೋಗಿತ್ತು.

ತಾಲೀಮು ಶುರುವಾಯಿತು. ರಾಣಿ ಬಾಯಿ ತೆರೆದರೆ ಗಾಳಿ ಮಾತ್ರ ಬರುತ್ತಿತ್ತು. ನಿರ್ದೇಶಕ ಹಣೆ ಹಣೆ ಬಡಿದುಕೊಂಡ. ಆಗ ಸೇನಾಪತಿ ಬಂದ. ಆರಡಿ ಎತ್ತರ, ಮೂರಡಿ ಹೊಟ್ಟೆ, ಕಟ್ಟಿದ ಮೀಸೆ. ಮೂವತ್ತು ವರ್ಷದಿಂದ ಯಾವ ನಾಟಕವಾದರೂ ಅವನಿಗೆ ಸೇನಾಪತಿಯದೇ ಪಾತ್ರ, ಮನೆಯಲ್ಲೂ ಅದೇ ಹೆಸರು. ರಾಣಿಯ ಮುಂದೆ ಮಂಡಿಯೂರಬೇಕಿತ್ತು. ಅರ್ಧ ಊರಿ ನಿಂತ. ಮೂಗರಳಿಸಿದ. ರಾಣಿಯ ಮಣಿಕಟ್ಟು ಹಿಡಿದು ಮೂಸಿದ. ತನ್ನ ಕಂಕುಳನ್ನೂ ಒಮ್ಮೆ ಮೂಸಿಕೊಂಡ.

"ಇದು ನಾನೇ," ಅಂದ.

ಯಾರೂ ಕೇಳಿರಲಿಲ್ಲ. ಅತ್ತೆ ಹೇಳಿದ್ದ ಮಾತು, ಒಂದಕ್ಷರ ಹೆಚ್ಚುಕಡಿಮೆ ಇಲ್ಲದೆ, ಗಂಡಸಿನ ಬಾಯಲ್ಲಿ.

"ಯಾರಮ್ಮ ನನ್ನನ್ನ ಬಾಟಲಿಗೆ ತುಂಬಿದ್ದು? ಹೊಗೆಸೊಪ್ಪೂ ಬಿಟ್ಟಿಲ್ಲವಲ್ಲ. ನನ್ನ ಹೆಂಡತಿ ಕೂಡ ನನ್ನನ್ನ ಇಷ್ಟು ತಿಳ್ಕೊಂಡಿಲ್ಲ."

ನಾನು ಪಿಸಕ್ಕನನ್ನು ಪಕ್ಕಕ್ಕೆ ಎಳೆದೆ. "ಅಕ್ಕ, ಆ ಬಿಳಿ ಬಟ್ಟೆ ಮೂರು ದಿನಾನೂ ಕತ್ತಲ್ಲೇ ಇತ್ತು ತಾನೆ?"

"ಇತ್ತು. ತಾಲೀಮಿನ ಹೊತ್ತು ಬಿಟ್ಟು. ಗೂಡಿನ ಕತ್ತಲಲ್ಲಿ ಬಿಳಿ ಎದ್ದು ಕಾಣುತ್ತಲ್ಲ, ನಾವು ಕಪ್ಪು ಬಿಟ್ಟು ಬೇರೆ ಹಾಕೋ ಹಾಗಿಲ್ಲ. ಬೆಳಗ್ಗೆಯೆಲ್ಲ ರಾಣಿ ಇಲ್ಲದ ದೃಶ್ಯಗಳಿಗೆ ನಾನೇ ಗೂಡಲ್ಲಿ ಕೂತು ಮಾತು ಎತ್ತಿಕೊಡ್ತಿದ್ದೆ, ಮಧ್ಯಾಹ್ನದ ಮೇಲೆ ರಾಣಿ ಪಾತ್ರ. ಅದಕ್ಕೇ ಬೆಳಗ್ಗೆ ಕನ್ನಡಿ ಪಕ್ಕದ ಮೊಳೆಗೆ ಸಿಕ್ಕಿಸಿ ಹೋಗ್ತಿದ್ದೆ."

ಸೇನಾಪತಿ ಕೈ ಎತ್ತಿದ. "ಆ ಮೊಳೆಗೆ ಸಿಕ್ಕಿಸಿದ್ದೆಲ್ಲ ನನ್ನ ಮುಖ ಒರೆಸೋ ಬಟ್ಟೆ ಕಣಮ್ಮ. ಮೂವತ್ತು ವರ್ಷದಿಂದ ಒರೆಸ್ತಿದೀನಿ. ಮುಖ ಒಂದೇ ಅಲ್ಲ, ಎಲ್ಲಾ."

"ಒದ್ದೆ ಇರ್ತಿತ್ತು," ಅಂದಳು ಪಿಸಕ್ಕ. "ಹೆದರಿಕೆಗೆ ನಾನೇ ಬೆವತಿದ್ದು ಅಂದ್ಕೊಂಡೆ."

ಹಡಗು ತಿರುಗಿಸುವ ಹೆಂಗಸು, ಮೂಗಿನ ತುದಿಯ ಕೋಪ, ಗಂಡನ ಸೋಪು. ಐದು ದಿನ ನಾನು ತಪಸ್ಸು ಮಾಡಿ ಒಬ್ಬ ಗುಡಾಣ ಹೊಟ್ಟೆಯ ಗಂಡಸಿಗೆ ಹೆಂಗಸರ ಸೆಂಟು ಮಾಡಿದ್ದೆ. ಭೂಮಿ ಬಾಯಿ ಬಿಟ್ಟಿದ್ದರೆ ಹೋಗುತ್ತಿದ್ದೆ. ಅಲ್ಲಿ ಬಾಯಿ ಬಿಟ್ಟಿದ್ದು ವೇದಿಕೆಯ ಗೂಡು ಒಂದೇ.

ಹಾಗಂತ ಅನ್ನಿಸಿದ್ದೇ ತಡ, ಹೋಗಿ ಅದರೊಳಗೆ ತಲೆ ತೂರಿಸಿದೆ.

ಗಡಿಯಾರ ಮೂರು. ಆಟಕ್ಕೆ ಇನ್ನು ಮೂರೇ ಗಂಟೆ. ಗೂಡು ಅಂದರೆ ಒಬ್ಬರು ಮಂಡಿ ಮಡಿಸಿ ಕೂರುವಷ್ಟು ಜಾಗ. ಇಪ್ಪತ್ತೆರಡು ವರ್ಷ ಅಲ್ಲಿ ಅವಳ ಹೊರತು ಯಾರೂ ಕೂತಿರಲಿಲ್ಲ. ನಾನು ಕಣ್ಣು ಮುಚ್ಚಿ, ಜನ್ಮದಲ್ಲಿ ಮೊದಲ ಸಲ ಬಾಯಿಯನ್ನೂ ಮುಚ್ಚಿ, ಮೂಗೊಂದನ್ನೇ ಬಿಟ್ಟೆ.

ಪೆನ್ಸಿಲ್ ಚೂರು ಮೊದಲು ಬಂತು. ಮೂಲೆಯಲ್ಲಿ ಗುಡ್ಡೆ ಬಿದ್ದಿತ್ತು. ತಪ್ಪಿದ ಮಾತಿನ ಕೆಳಗೆಲ್ಲ ಗೀಟು ಎಳೆಯುತ್ತಿದ್ದಳಲ್ಲ. ಆಮೇಲೆ ಹಳೆಯ ಕಾಗದ, ಹಾಳೆ ತಿರುವಿ ತಿರುವಿ ಅಂಚು ಮೆತ್ತಗಾದದ್ದು. ಚಿಕ್ಕ ಬಲ್ಬಿನ ಮೇಲೆ ಕಾದ ಧೂಳು. ಗಂಟಲು ಕೆರೆಯದ ಹಾಗೆ ಬಾಯಲ್ಲಿಟ್ಟುಕೊಳ್ಳುವ ಲವಂಗ. ಎಲ್ಲದರ ಅಡಿಯಲ್ಲಿ, ಮಲಗಿದ ಮಗುವಿನ ತಲೆಯ ಹಾಗೆ ಬೆಚ್ಚಗಿನ ಒಂದು ಮೈವಾಸನೆ, ಯಾವ ಎಣ್ಣೆಗೂ ಇಲ್ಲದ್ದು. ನನ್ನ ಕಣ್ಣಲ್ಲಿ ನೀರು ಬಂತು. ಧೂಳಿಗೆ.

ಪೆನ್ಸಿಲ್ ಚೂರನ್ನು ಬೊಗಸೆಯಲ್ಲಿ ತುಂಬಿ, ಬಲ್ಬಿನ ಧೂಳನ್ನು ಕರವಸ್ತ್ರದಲ್ಲಿ ಒರೆಸಿ, ಪಿಸಕ್ಕ ಬಿಸಾಡಿದ್ದ ಹಳೆಯ ಹಾಳೆಯೊಂದನ್ನು ಜೇಬಿಗೆ ತುರುಕಿ ಓಡಿದೆ. ಎಂಥ ಓಟ ಅಂತೀರಿ. ಬಸ್ಸು ನನ್ನ ಪಕ್ಕ ಬಂದು ಸ್ವಲ್ಪ ದೂರ ಪ್ರಯತ್ನಪಟ್ಟು ಹಿಂದೆ ಉಳಿಯಿತು.

"ಏನೇ, ಬೆಂಕಿ ಬಿತ್ತಾ?" ಅಂದ ಬೀಗದ ಮಾವ, ತಿರುಗದೆ.

"ಬೀಳಬೇಕು ಮಾವ, ಒಲೆಗೆ."

ಅತ್ತೆ ಕಿಟಕಿಯ ಪಕ್ಕ ಕೂತಿದ್ದರು. ನನ್ನ ಮುಖ ನೋಡಿ, ಎದ್ದು ಕುರ್ಚಿಯನ್ನು ಒಲೆಯಿಂದ ದೂರ ಸರಿಸಿಕೊಂಡರು. ನಾನು ಬಟ್ಟಲಲ್ಲಿ ಎಣ್ಣೆ ಬಿಸಿ ಮಾಡಿ ಪೆನ್ಸಿಲ್ ಚೂರು ಹಾಕಿದೆ. ಮರದ ಗಮಲು ಎಣ್ಣೆಗೆ ಇಳಿಯಿತು. ಹಾಳೆಯ ಅಂಚು ಹರಿದು ಹಾಕಿದೆ. ಧೂಳಿನ ಕರವಸ್ತ್ರವನ್ನು ಎಣ್ಣೆಯಲ್ಲಿ ಅದ್ದಿ ಹಿಂಡಿದೆ. ಲವಂಗ ಎರಡು ಹನಿ, ಲಾವಂಚ ಒಂದೂವರೆ. ಅರ್ಧ ಹನಿ ಹಾಕುವುದು ಹೇಗೆ ಅಂತ ಕೇಳಬೇಡಿ, ಅದು ನನಗೊಬ್ಬಳಿಗೇ ಬರುವ ವಿದ್ಯೆ. ಸೋಸಿ ಮೂಸಿದೆ. ಗೂಡೇ ಬಂದಿತ್ತು, ಆದರೆ ಖಾಲಿ ಗೂಡು. ಪಿಸಕ್ಕ ಅದರಲ್ಲಿ ಒಬ್ಬಳೇ ಕೂತಿದ್ದಳೇ? ಇಪ್ಪತ್ತೆರಡು ವರ್ಷ ಎಲ್ಲರ ಮಾತನ್ನೂ ತನ್ನ ಬಾಯಲ್ಲಿಟ್ಟುಕೊಂಡು ಕೂತಿದ್ದಳು. ಜೇಬಿನಿಂದ ಸೇನಾಪತಿಯ ಸೀಸೆ ತೆಗೆದೆ, ಒಂದೇ ಒಂದು ಹನಿ ಬಿಟ್ಟೆ.

ಈಗ ಬಂದಳು. ಬಟ್ಟಲಿನಿಂದ ಎದ್ದು ನನ್ನ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು ಅಂತ ಆಣೆ ಮಾಡಿ ಹೇಳಬಲ್ಲೆ.

ಐದೂ ಮುಕ್ಕಾಲಿಗೆ ಬಣ್ಣದ ಕೋಣೆ. ಸೇನಾಪತಿಯ ಸೆಂಟನ್ನು ತೊಳೆದು ಒರೆಸಿ, ಹೊಸದನ್ನು ಪಿಸಕ್ಕನ ಕತ್ತಿಗೆ, ಮಣಿಕಟ್ಟಿಗೆ ಹಚ್ಚಿದೆ. ಅವಳು ಮಣಿಕಟ್ಟನ್ನು ಮೂಗಿಗೆ ಹಿಡಿದಳು. ಒಮ್ಮೆ. ಇನ್ನೊಮ್ಮೆ.

"ವಾಸನೆನೇ ಇಲ್ಲವಲ್ಲ ಕಣಮ್ಮ. ಅವಸರದಲ್ಲಿ ನೀರು ತಂದಿದೀಯಾ?"

ನನ್ನ ಜೀವ ಇಳಿದು ಪಾದಕ್ಕೆ ಬಂತು. ನನಗಂತೂ ಕೋಣೆಯ ತುಂಬ ಘಮ್ಮೆನ್ನುತ್ತಿತ್ತು. ಇನ್ನಷ್ಟು ಹಚ್ಚಿದೆ. "ಊಹೂಂ," ಅಂದಳು. ಪರದೆಯ ಗಂಟೆ ಹೊಡೆಯಿತು. "ಇರಲಿ ಬಿಡು, ಪಾಪ. ಮೊದಲಿನದಕ್ಕಿಂತ ವಾಸಿ, ಬೆನ್ನಿಗೆ ಯಾರೂ ನಿಂತಿಲ್ಲ." ಹೋದಳು.

ನಾನು ಸಭೆಗೆ ಬಂದೆ. ಹಿಂದಿನ ಸಾಲಿನಲ್ಲಿ ಅತ್ತೆ ಕೂತಿದ್ದರು, ಅವರ ಪಕ್ಕ ಬೀಗದ ಮಾವ. ಅತ್ತೆಯ ಕತ್ತಿನ ದಾರ ನೋಡದ ಹಾಗೆ ಕೂತುಕೊಂಡೆ.

ರಾಣಿ ಮೊದಲ ಮಾತಾಡಿದಳು. ಮೂರನೇ ಸಾಲಿಗೆ ಕೇಳಿಸಿತು. ಎರಡನೇ ಮಾತು ಎಂಟನೇ ಸಾಲಿಗೆ ಬಂದಿರಬೇಕು, ಅಲ್ಲಿನವರು ಮುಂದೆ ಬಾಗುವುದನ್ನು ಬಿಟ್ಟು ಒರಗಿ ಕೂತರು. ಆಮೇಲೆ ಸೇನಾಪತಿ ಬಂದು ಮಂಡಿಯೂರಿ, ಕತ್ತಿ ಎತ್ತಿ, ಬಾಯಿ ತೆರೆದು, ನಿಂತ.

ಮರೆತಿದ್ದ. ಯಾವ ನಾಟಕದಲ್ಲೂ ಕತ್ತಿ ಎತ್ತಿದ ಕೂಡಲೇ ಮರೆಯುತ್ತಾನಂತೆ, ಪಿಸಕ್ಕ ಮಾತು ಎತ್ತಿಕೊಡುತ್ತಿದ್ದಳು. ಈಗ ಗೂಡಿನಲ್ಲಿ ನಿರ್ದೇಶಕನೇ ಕೂತಿದ್ದ. ಹಾಳೆಗಳು ಜಾರಿ ಚೆಲ್ಲಿದ ಸದ್ದು ಹಿಂದಿನವರೆಗೂ ಕೇಳಿಸಿತು. ಸೇನಾಪತಿಯ ಕತ್ತಿ ನಡುಗಿತು. ಸಭೆಯಲ್ಲಿ ಯಾರೋ ಕಿಸಕ್ಕೆಂದರು.

ರಾಣಿ ಒಂದು ಹೆಜ್ಜೆ ಮುಂದೆ ಬಂದಳು.

"ಸೇನಾಪತಿ, ನೀನು ಬಾಯಿ ತೆರೆಯಬೇಕಾಗಿಲ್ಲ. ಈ ಕೋಟೆಯನ್ನು ಬಿಟ್ಟುಕೊಟ್ಟರೆ ನಮಗೆ ನಾಳೆ ಇಲ್ಲ ಎಂದು ಹೇಳಲು ನೀನು ಬಂದೆ. ನಿನ್ನ ಮನಸ್ಸಿನ ಮಾತು ನಿನಗಿಂತ ಮೊದಲು ನನಗೆ ತಿಳಿಯುತ್ತದೆ. ಈಗ ನನ್ನ ಉತ್ತರ ಕೇಳು."

ಅವನ ಮಾತನ್ನೂ ಹೇಳಿ, ತನ್ನ ಮಾತನ್ನೂ ಹೇಳಿದಳು. ಆ ಧ್ವನಿ, ಸ್ವಾಮಿ, ಚಾವಣಿಗೆ ತಾಗಿ, ಕೆಳಗಿಳಿದು, ಹೊರಗೆ ನಿಂತ ಟಿಕೆಟಿನವನನ್ನು ಒಳಗೆ ಎಳೆದುತಂದಿತು. ಸಭೆ ಎದ್ದು ಚಪ್ಪಾಳೆ ಹೊಡೆಯಿತು. ಅದೇ ನಾಟಕದ ಮಾತು ಅಂದುಕೊಂಡಿದ್ದರು. ಈಗ ಪ್ರತಿ ಆಟದಲ್ಲೂ ಹಾಗೇ ಆಡುತ್ತಾರೆ, ಸೇನಾಪತಿಗೆ ಆರಾಮ. ನಾನು ಕುರ್ಚಿಯ ಮೇಲೆ ಹತ್ತಿ ಸಿಳ್ಳೆ ಹೊಡೆದೆ. ಬೀಗದಕೈ ಮರೆತೇಹೋಗಿತ್ತು.

ಆಟ ಮುಗಿದ ಮೇಲೆ ಪಿಸಕ್ಕ ನನ್ನ ಕೈ ಹಿಡಿದುಕೊಂಡಳು. "ಗೂಡಲ್ಲಿ ಕೂತ ಹಾಗೇ ಇತ್ತು ಕಣಮ್ಮ. ಹೆದರಿಕೆನೇ ಆಗಲಿಲ್ಲ. ಯಾಕೋ ಗೊತ್ತಿಲ್ಲ." ಆಮೇಲೆ ನನ್ನ ಅತ್ತೆಯ ಮುಂದೆಯೇ, ನನ್ನ ಮೇಲಿನ ಪ್ರೀತಿಗೆ, "ಸೆಂಟಿಗೆ ವಾಸನೆ ಇಲ್ಲ ಅಂತ ಬೈಬೇಡಿ ಇವಳಿಗೆ, ಚಿಕ್ಕವಳು," ಅಂದಳು.

ಮುಗಿಯಿತು. ದಾರಿಯುದ್ದಕ್ಕೂ ನಾನು ಬಾಯಿ ಬಿಡಲಿಲ್ಲ. ಬೀಗದ ಮಾವ ಎರಡು ಸಲ ನನ್ನ ಹಣೆ ಮುಟ್ಟಿ ಜ್ವರ ನೋಡಿದ.

ಮರುದಿನ ಬೆಳಗ್ಗೆ ಹೋದವಳೇ ಸೀಸೆಗಳ ಮುಂದೆ ಕೂತೆ. ಏಳನೆಯದನ್ನು ತೊಳೆಯುತ್ತಿರುವಾಗ ಅತ್ತೆ ಕತ್ತಿನ ದಾರ ತೆಗೆದು ನೀರಿನ ಪಾತ್ರೆಯ ಪಕ್ಕ ಇಟ್ಟರು.

"ಅವಳು ನೀರು ಅಂದಳಲ್ಲ ಅತ್ತೆ."

"ಕೇಳಿದೆ. ಮೇಲಿನ ಸಾಲು, ಎಡಗಡೆ ಕೊನೇದು. ಮೂಸು."

ಅವಸರಕ್ಕೆ ಬೀಗದಕೈ ಮೂರು ಸಲ ಜಾರಿತು. ಕಪಾಟು ತೆರೆದೆ. ಒಳಗಿನ ವೈಭವ ಇನ್ನೊಮ್ಮೆ ವರ್ಣಿಸುತ್ತೇನೆ, ಅದಕ್ಕೆ ಒಂದು ಪುಸ್ತಕ ಬೇಕು. ಎಡಗಡೆ ಕೊನೆಯಲ್ಲಿ ಚೀಟಿ ಇಲ್ಲದ ಒಂದು ಸಣ್ಣ ಸೀಸೆ. ಬಿರಡೆ ತೆಗೆದು ಮೂಸಿದೆ. ಏನೂ ಇಲ್ಲ. ಅಂಗೈಗೆ ಸುರಿದು ಉಜ್ಜಿ ಮೂಸಿದೆ. ಎದುರು ಮನೆಯ ಹಾಲನ್ನು ಐದು ನಿಮಿಷ ಮುಂಚೆ ಹಿಡಿಯುವ ಮೂಗು ನನ್ನದು.

"ಇದು ಬರೀ ನೀರು ಅತ್ತೆ," ಅಂದೆ. "ಯಾರೋ ನಿಮಗೆ ಮೋಸ ಮಾಡಿದಾರೆ."

ಅತ್ತೆ ಸೀಸೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಬಾಗಿಲ ಹೊರಗೆ ಹೋಗಿ, ಮೆಟ್ಟಿಲ ಮೇಲಿನಿಂದ ಎರಡು ಹನಿ ಚಿಮುಕಿಸಿದರು.

ಕೆಳಗೆ ಅರದ ಸದ್ದು ನಿಂತಿತು.

"ಏನೇ ಬಾಯಿಬಡುಕಿ," ಅಂದ ಬೀಗದ ಮಾವ, "ಈಗಷ್ಟೇ ಹತ್ತಿದೆ, ಯಾವಾಗ ಇಳಿದು ಬಂದು ನನ್ನ ಬೆನ್ನಿಗೆ ನಿಂತೆ?"

ನಾನು ಮೇಲಿನ ಮೆಟ್ಟಿಲಲ್ಲಿ ಕೂತುಬಿಟ್ಟೆ. ಸೀಸೆಯಲ್ಲಿದ್ದದ್ದು ನಾನು, ಪಿಸಕ್ಕನಿಗೆ ಅವಳ ಸೆಂಟು ನೀರಾದ ಹಾಗೆ ನನ್ನದು ನನಗೇ ನೀರು. ಅತ್ತೆ ನಗುತ್ತಿದ್ದರು. ಏಳು ವರ್ಷದಲ್ಲಿ ಮೊದಲ ಸಲ, ಹಲ್ಲು ಕಾಣುವ ಹಾಗೆ.

"ಇದನ್ನ ಯಾವಾಗ ಮಾಡಿದಿರಿ?"

"ನೀನು ಸೇರಿದ ಎರಡನೇ ವರ್ಷ."

"ಅದರಲ್ಲಿ ಏನೇನು ಹಾಕಿದೀರಿ ಅತ್ತೆ?"

"ಮೆಣಸು," ಅಂದರು ಅತ್ತೆ. ಸ್ವಲ್ಪ ಯೋಚಿಸಿ, "ಜಾಸ್ತಿ ಮೆಣಸು," ಅಂದು ಒಳಗೆ ಹೋದರು. ಉಳಿದ ಸೀಸೆಗಳನ್ನು ಅವತ್ತು ಅವರೇ ತೊಳೆದರು. ಸೇನಾಪತಿ ಮಾತ್ರ ಹನ್ನೊಂದಕ್ಕೆಲ್ಲ ಮೆಟ್ಟಿಲು ಹತ್ತಿ ಬಂದ, ತನ್ನ ಬಾಟಲಿ ತನಗೆ ಬೇಕಂತೆ.